ಖಾಲಿ ಎಂದು ಬರೆದ ಮನೆ

ಇಪ್ಪತ್ತನೆಯ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಈ ಸಂಗತಿ ಹೇಳುವಾಗಲೆಲ್ಲ ನಾನು ಬೇರೆ ಬೇರೆ ಇಸವಿ ಹೇಳಿದ್ದೇನೆ. ಹುದ್ದೆ ಮಾತ್ರ ಖಚಿತ: ಪ್ಲೇಗ್ ಇನ್‌ಸ್ಪೆಕ್ಟರ್. ಬೈಲಹೊಂಗಲದಿಂದ ನೇಸರಗಿಗೆ ಹೋಗುವ ದಾರಿಯ ಒಂದು ಹಳ್ಳಿಯ ಜನರನ್ನು ಹೊಲದ ಜೋಪಡಿಗಳಿಗೆ ಕಳಿಸಿದ್ದೆವು. ತೆರವಾದ ಮನೆಗೆ ಬೀಗ ಹಾಕಿ, ಬಾಗಿಲ ಮೇಲೆ ಡಾಂಬರಿನಿಂದ ‘ಖಾಲಿ’ ಎಂದು ಬರೆಯುವುದು, ಆಮೇಲೆ ಒಳಗುಳಿದ ಬಟ್ಟೆ, ನೂಲು ಸುಡಿಸಿ, ಫಿನೈಲು ಹೊಡೆಸಿ ಸುಣ್ಣ ಬಳಿಸುವುದು ನನ್ನ ಕೆಲಸ.

ನೇಕಾರರ ಓಣಿಯ ಒಂದು ಮನೆಯ ಮುಂದೆ ಕೂಲಿಗಳು ನಿಂತುಬಿಟ್ಟರು. ಆ ಮನೆಯ ಯಜಮಾನ ಜೋಪಡಿಯಲ್ಲಿ ತೀರಿಕೊಂಡು ಎಂಟು ದಿನವಾಗಿತ್ತು.

“ರಾತ್ರಿ ಒಳಗ ಮಗ್ಗ ಸಪ್ಪಳ ಮಾಡತೈತ್ರಿ,” ಎಂದ ಓಣಿ ಕಾಯುವ ವಾಲಿಕಾರ ಫಕೀರಪ್ಪ. “ಬೀಗ ಹಾಕಿದಂಗ ಐತಿ. ಅಂವಾ ಮಗ್ಗ ಬಿಟ್ಟು ಹೋಗವಲ್ಲರಿ.”

“ಇವತ್ತ ರಾತ್ರಿ ನಾನ ಅಲ್ಲಿ ಮಲಗತೇನಿ. ನಾಳೆ ಮುಂಜಾನೆ ನೀವು ಸುಣ್ಣ ಬಳೀಬೇಕು.”

“ನೀವು ಎದ್ದು ಬಂದ್ರ ಬಳೀತೀವ್ರಿ.” ಕೂಲಿಗಳು ನಕ್ಕರು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದೆ. ನಡುರಾತ್ರಿ ಒಳಕೋಣೆಯಿಂದ ಖಟ್ ಎಂದಿತು. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಖಟ್. ನೇಕಾರರ ಓಣಿಗಳಲ್ಲಿ ತಿರುಗಿದವನಿಗೆ ಮಗ್ಗದ ಲಯ ಗೊತ್ತು. ಇದಕ್ಕೆ ಲಯವೇ ಇರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಕಂದೀಲು ಹಿಡಿದು ಒಳಗೆ ನುಗ್ಗಿದೆ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಸುಳ್ಳು. ಕಂದೀಲು ಹಚ್ಚಲೇ ಇಲ್ಲ. ಗೋಡೆ ತಡವುತ್ತ ಹೋದೆ.

ಮಾಳಿಗೆಯ ಬೆಳಕಿಂಡಿಯಿಂದ ಬೆಳದಿಂಗಳು ಬಿದ್ದಿತ್ತು. ಅದರಲ್ಲಿ ಅರ್ಧ ದೇಹ, ನೆಲದಿಂದಲೇ ಎದ್ದಂತೆ. ಕಾಲಿಲ್ಲ.

“ಅಲ್ಲೇ ನಿಂದರ್ರಿ ಸಾಹೇಬರ,” ಎಂದಿತು ಆ ದೇಹ. “ಕೆಳಗ ನೂಲು ಐತಿ, ತುಳದೀರಿ.”

ತೀರಿಕೊಂಡವನ ಹೆಂಡತಿ ನೀಲವ್ವ. ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಾಲುಮನೆಗಳ ಮಾಳಿಗೆ ದಾಟಿ ಬಂದು, ಹಗ್ಗ ಕಟ್ಟಿ ಬೆಳಕಿಂಡಿಯಿಂದ ಇಳಿದಿದ್ದಳು. ಮಗ್ಗದ ಮೇಲೆ ಮಗಳ ಮದುವೆಯ ಸೀರೆ. ಗಂಡ ಮುಕ್ಕಾಲು ನೇಯ್ದು ಬಿಟ್ಟಿದ್ದ. ಆ ಓಣಿಯಲ್ಲಿ ಹೆಂಗಸರು ನೂಲು ಸುತ್ತುತ್ತಿದ್ದರು, ಮಗ್ಗಕ್ಕೆ ಕೂರುತ್ತಿದ್ದವರು ಗಂಡಸರು. ಅವಳು ಮಗ್ಗಕ್ಕೆ ಕೂತದ್ದು ಇದೇ ಮೊದಲು.

“ಯವ್ವಾ, ಇಲ್ಲಿ ರೋಗ ಐತಿ. ಹೊರಗ ನಡಿ.”

“ರೋಗ ಜೋಪಡಿಗೇ ಬಂದು ಅವನ್ನ ಒಯ್ತು. ಅದಕ್ಕ ಯಾಕ ಬೀಗ ಹಾಕಲಿಲ್ಲರಿ?”

“ನಾಳೆ ಇದನ್ನ ಸುಡಬೇಕು. ಹುಕುಂ ಐತಿ.”

“ಸುಡ್ರಿ. ಮೊದಲ ನನ್ನ ಈ ಕುಣಿಯಿಂದ ಎಬ್ಬಸ್ರಿ.” ಲಾಳಿ ಅವಳ ಕೈತಪ್ಪಿ ನನ್ನ ಕಾಲ ಬಳಿ ಉರುಳಿತು. “ಸುಮ್ನ ಯಾಕ ನಿಂತೀರಿ? ಎತ್ತಿ ಕೊಡ್ರಿ.”

ಎತ್ತಿಕೊಟ್ಟೆ.

“ಒಳಗ ಯಾರಿದ್ರು ರೀ?” ಎಂದು ಬೆಳಿಗ್ಗೆ ಫಕೀರಪ್ಪ ಕೇಳಿದ.

“ನೇಕಾರರು ಅದಾರ,” ಎಂದೆ.

ಡೈರಿಯಲ್ಲಿ ಹೀಗೆ ಬರೆದೆ: ‘ಈ ಮನೆಯ ಕೆಲಸ ಎರಡು ದಿನ ಮುಂದಕ್ಕೆ. ಕಾರಣ: ಮಗ್ಗದ ಮೇಲೆ ಮುಗಿಯದ ಸೀರೆ.’ ಮೇಲಧಿಕಾರಿ ಕರೆಸಿ, ಸೀರೆ ಒಂದು ಕಾರಣವೇ ಎಂದರು. ಹೌದು ಎಂದೆ. ಆ ಸಾಲು ಹೊಡೆದುಹಾಕು ಎಂದರು. ಹಾಕಲಿಲ್ಲ. ತಿಂಗಳೊಳಗೆ ಸವದತ್ತಿಯ ಆಚೆಗೆ ವರ್ಗವಾಯಿತು.

ನಾನು ಮಾಡಿದ್ದು ಅಪಾಯದ ಕೆಲಸ. ನೀಲವ್ವನಿಗೆ ರೋಗ ತಗುಲಲಿಲ್ಲ. ಅದು ನನ್ನ ಜಾಣತನವಲ್ಲ. ತಗುಲಿದ್ದರೆ ಈ ಪ್ರಸಂಗವನ್ನೂ ನಾನು ಮರೆತವನಂತೆ ಇರುತ್ತಿದ್ದೆ.

ಮೂರನೆಯ ಬೆಳಿಗ್ಗೆ, ಮುಗಿದ ಸೀರೆಯನ್ನು ಫಿನೈಲು ನೀರಿನಲ್ಲಿ ಅದ್ದಿಸಿ ಬಿಸಿಲಿಗೆ ಹಾಕಿಸಿದೆ. ಮುಕ್ಕಾಲು ಭಾಗದ ಅಂಚು ನೆಟ್ಟಗಿತ್ತು, ಉಳಿದದ್ದು ಹಾವಿನಂತೆ ಅಂಕುಡೊಂಕಾಗಿತ್ತು. ಮಗಳು ಅದನ್ನೇ ಉಟ್ಟಳೆಂದು ಫಕೀರಪ್ಪ ಮುಂದೆ ಹೇಳಿಕಳಿಸಿದ.

ಆಮೇಲೆ ನಾನು ಡಾಂಬರು ಮುಟ್ಟುವ ಮೊದಲು ಜೋಪಡಿಗೆ ಹೋಗಿ ಆಯಾ ಮನೆಯ ಹೆಂಗಸನ್ನು ಕೇಳುತ್ತಿದ್ದೆ: “ಒಳಗ ಏನ ಬಿಟ್ಟು ಬಂದೀರಿ?” ಹುಕುಂನಲ್ಲಿ ಆ ಪ್ರಶ್ನೆ ಇರಲಿಲ್ಲ. ಅದಕ್ಕೆ ಉತ್ತರ ಸಿಗದ ಹೊರತು ಯಾವ ಬಾಗಿಲ ಮೇಲೂ ‘ಖಾಲಿ’ ಎಂದು ಬರೆಯಲಿಲ್ಲ.