ತನಿ ಆವರ್ತನ ಮತ್ತು ಅಪ್ಪನ ಸ್ಕೂಟರ್

ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹಳೆಯ ಬಚ್ಚಲುಮನೆ ಇತ್ತು. ಮನೆಯೊಳಗೆ ಗೀಸರ್ ಬಂದಮೇಲೆ ಸೇವೆಯಿಂದ ನಿವೃತ್ತಿಯಾದ ಅದು, ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬ್ಯಾಂಡಿನ ಪ್ರಧಾನ ಕಚೇರಿಯಾಗಿ ಮರುನೇಮಕಗೊಂಡಿತು. ಗಿಟಾರ್ ಹಿಡಿದು ಹಾಡುವವನು ನಾನು. ಉಳಿದ ಇಬ್ಬರು ಕಾಲೇಜಿನ ಗೆಳೆಯರು, ಒಬ್ಬ ಕೀಬೋರ್ಡಿಗೆ, ಇನ್ನೊಬ್ಬ ಡ್ರಮ್ಸಿಗೆ. ಡ್ರಮ್ಸಿನವನು ತಾಮ್ರದ ಹಂಡೆಯ ಪಕ್ಕ ಕೂರುತ್ತಿದ್ದ. ಅವನು ಬಾರಿಸಿದಾಗಲೆಲ್ಲ ಹಂಡೆಯೂ ಸಣ್ಣಗೆ ಗುಂಯ್ಗುಡುತ್ತಿತ್ತು. ಬ್ಯಾಂಡಿನಲ್ಲಿ ಶ್ರುತಿ ತಪ್ಪದ ಸದಸ್ಯ ಅದೊಂದೇ.

ಸಿನಿಮಾ ಹಾಡು ಮುಟ್ಟುವುದಿಲ್ಲ, ಹಾಡಿದರೆ ಸ್ವಂತದ್ದೇ ಎಂದು ಆ ಹಂಡೆಯ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದ್ದೆವು. ಕೇಳಿದವರೆಲ್ಲ "ಯಾವ ಪಿಕ್ಚರ್‌ದು?" ಎನ್ನುತ್ತಿದ್ದರು. ಯಾವುದರದ್ದೂ ಅಲ್ಲ ಎಂದರೆ, ಇರಲಿ ಬಿಡಿ, ಮುಂದೆ ಒಳ್ಳೇದಾಗುತ್ತೆ ಎಂದು ಸಮಾಧಾನ ಹೇಳುತ್ತಿದ್ದರು. ಸ್ವಂತ ಹಾಡಿಗೆ ಸ್ವಂತ ಅನುಭವ ಬೇಕಲ್ಲ. ನಮ್ಮಲ್ಲಿ ಯಾರಿಗೂ ಪ್ರೇಮವೇ ಆಗಿರಲಿಲ್ಲವಾದ್ದರಿಂದ ವಿರಹದ ಹಾಡಿಗೆ ತಾಂತ್ರಿಕ ಅಡಚಣೆ ಇತ್ತು. ಕೈಗೆಟಕುವಂತಿದ್ದ ದುಃಖವೆಂದರೆ ಅಪ್ಪನ ಸ್ಕೂಟರ್. ಪ್ರತಿ ಬೆಳಗ್ಗೆ ಅದನ್ನು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ, ಒದ್ದು, ಮತ್ತೆ ವಾಲಿಸಿ, ಕೊನೆಗೆ ದೇವರ ಮೇಲೆ ಭಾರ ಹಾಕಿ ಒದ್ದು ಅಪ್ಪ ಬ್ಯಾಂಕಿಗೆ ಹೊರಡುತ್ತಿದ್ದರು. ಅದರ ಮೇಲೆ ಹಾಡು ಕಟ್ಟಿದೆವು. ಅಪ್ಪನಿಗೆ ತಿಳಿಸಲಿಲ್ಲ.

ಅಪ್ಪ ಕಚೇರಿ ಸಂಗೀತ ಕೇಳುವವರು. ರಾಮನವಮಿಯ ಪೆಂಡಾಲಿಗೆ ಚಿಕ್ಕಂದಿನಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಗಾಯಕರು ಸುಮ್ಮನಾಗಿ ಮೃದಂಗದವರೊಬ್ಬರೇ ನುಡಿಸಲು ತೊಡಗಿದರೆ, ಅಂದರೆ ತನಿ ಆವರ್ತನ ಶುರುವಾದರೆ, ಅರ್ಧ ಸಭೆ ಎದ್ದು ಕ್ಯಾಂಟೀನಿನತ್ತ ನಡೆಯುತ್ತಿತ್ತು. ಅಪ್ಪನೂ ಏಳುತ್ತಿದ್ದರು. ವಿದ್ವಾಂಸರಿಗೆ ಅಗೌರವವಾಗಬಾರದೆಂದು ತೊಡೆಯ ಮೇಲೆ ತಾಳ ಹಾಕಿಕೊಂಡೇ ಹೋಗುತ್ತಿದ್ದರು. ಮೃದಂಗವೆಂಬುದು ಬೋಂಡಾ ಕರಿದಾಯಿತೆಂದು ಸಾರುವ ವಾದ್ಯ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಬಚ್ಚಲಿನಿಂದ ಬರುತ್ತಿದ್ದ ಸದ್ದಿನ ಬಗ್ಗೆ ಅಕ್ಕಪಕ್ಕದವರು ಒಂದು ದಿನ ಒಟ್ಟಾಗಿ ಬಂದು ದೂರು ಕೊಟ್ಟರು. ಅಪ್ಪ ಕಾಫಿ ಕೊಟ್ಟು ಅವರನ್ನು ಕಳಿಸಿ, ನಮ್ಮ ಮೂವರನ್ನೂ ನಿಲ್ಲಿಸಿಕೊಂಡು ತೀರ್ಪು ಹೇಳಿದರು. ನಮ್ಮ ಬೀದಿಯ ಗಣೇಶನ ಮುಂದೆ ಹಾಡಬೇಕು, ಅಪ್ಪನೇ ಕೂತು ಕೇಳುತ್ತಾರೆ. ಕೇಳುವ ಹಾಗಿದ್ದರೆ ಬಚ್ಚಲು ನಮ್ಮದು, ಇಲ್ಲದಿದ್ದರೆ ಬೀಗ. ನಮಗೆ ಬೇರೆ ಜಾಗವಿರಲಿಲ್ಲ. ಕೀಬೋರ್ಡಿನವನ ಮನೆಯಲ್ಲಿ ಅಕ್ಕ ಪರೀಕ್ಷೆಗೆ ಓದುತ್ತಿದ್ದಳು, ಡ್ರಮ್ಸಿನವನು ತನ್ನ ಹತ್ತಿರ ಡ್ರಮ್ಸ್ ಇದೆಯೆಂಬುದನ್ನೇ ಮನೆಯಲ್ಲಿ ಹೇಳಿರಲಿಲ್ಲ. ಬೀಗ ಬಿದ್ದರೆ ಬ್ಯಾಂಡೂ ಮುಗಿದಂತೆ.

ಅಂತೂ ಆ ಸಂಜೆ ಬಂತು. ಅಪ್ಪ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಸ್ಕೂಟರ್ ಹಾಡಿಗೆ ಮುನ್ನ ಡ್ರಮ್ಸಿನವನು ಒಬ್ಬನೇ ಬಾರಿಸುವುದೆಂದು ಗೊತ್ತುಮಾಡಿದ್ದೆವು. "ನೋಡ್ತಿರು ಮಗಾ, ಜನಾನ ಎಬ್ಬಿಸ್ತೀನಿ" ಎಂದಿದ್ದ.

ಎಬ್ಬಿಸಿದ. ಅವನು ಶುರುಮಾಡಿದ್ದೇ ತಡ, ಮುಂದಿನ ಸಾಲಿನ ಹಿರಿಯರೆಲ್ಲ ಕಚೇರಿಯ ಅಭ್ಯಾಸದಂತೆ ಎದ್ದು, ಬೀದಿಯ ತುದಿಯಲ್ಲಿ ಕಾಫಿ, ಕಡಲೆಕಾಳು ಉಸಲಿ ಹಂಚುತ್ತಿದ್ದ ಮೇಜಿನತ್ತ ಹೊರಟರು. ಅವರನ್ನು ನೋಡಿ ಹಿಂದಿನ ಸಾಲುಗಳೂ ಎದ್ದವು. ಅಪ್ಪನೂ ಹೊರಟರು, ತಾಳ ಹಾಕುತ್ತಲೇ. ನಿಲ್ಲಿಸುವ ಹಾಗಿರಲಿಲ್ಲ, ಡ್ರಮ್ಸ್ ಮುಗಿದ ಕಡೆಯೇ ಹಾಡು ಎತ್ತಬೇಕು. ಖಾಲಿ ಕುರ್ಚಿಗಳಿಗೂ, ಎದ್ದುಹೋಗುವ ಅನುಕೂಲವಿಲ್ಲದ ಗಣೇಶನಿಗೂ ಹಾಡತೊಡಗಿದೆ.

ಆ ಮೇಜಿನ ನೆತ್ತಿಯ ಮೇಲೇ, ಕಂಬಕ್ಕೆ ನಮ್ಮ ಮೈಕಿನ ಹಾರ್ನ್ ಸ್ಪೀಕರ್ ಕಟ್ಟಿದ್ದು ನನಗೆ ಮರೆತೇ ಹೋಗಿತ್ತು. ಪಲ್ಲವಿಯಲ್ಲಿ ಎರಡನೇ ಸಲ ಸ್ಕೂಟರ್ ವಾಲಿಸುವ ಹೊತ್ತಿಗೆ ಆ ಕಡೆಯಿಂದ ನಗು ಕೇಳಿಸಿತು. ಉಸಲಿಗೆ ನಿಂತಿದ್ದವರಲ್ಲಿ ಬೆಳಗ್ಗೆ ಸ್ಕೂಟರ್ ವಾಲಿಸದವರು ಯಾರಿದ್ದರು? ಕೈಯಲ್ಲಿ ದೊನ್ನೆ ಹಿಡಿದು ಒಬ್ಬೊಬ್ಬರೇ ವಾಪಸ್ ಬಂದು ಕೂತರು. ದೂರು ಕೊಟ್ಟಿದ್ದ ಪಕ್ಕದ ಮನೆಯವರಂತೂ ಇನ್ನೊಂದು ಸಲ ಹಾಡಿ ಎಂದರು. ಅಪ್ಪ ಎಲ್ಲರಿಗಿಂತ ಕೊನೆಗೆ ಬಂದರು. ನಗುತ್ತಿರಲಿಲ್ಲ.

ನಾವು ವೈರು ಸುತ್ತುತ್ತಿದ್ದಾಗ ಅಪ್ಪ ವೇದಿಕೆಯ ಹಿಂದೆ ಬಂದು ನಿಂತರು.

"ಆ ಸ್ಕೂಟರ್ ನಂದು ತಾನೆ?"

ಹೌದೆಂದೆ.

"ವಾಲಿಸಿದ್ಮೇಲೆ ಚೋಕ್ ಎಳೀಬೇಕು. ನಿಮ್ ಹಾಡಲ್ಲಿ ಚೋಕೇ ಇಲ್ಲ. ಹಾಗೆ ಒದ್ರೆ ಯಾವ ಜನ್ಮಕ್ಕೆ ಸ್ಟಾರ್ಟ್ ಆಗತ್ತೆ?"

"ಸರಿ ಮಾಡ್ತೀವಿ ಅಂಕಲ್" ಎಂದ ಡ್ರಮ್ಸಿನವನು.

"ಎಲ್ಲಿ ಕೂತು ಮಾಡ್ತೀರ, ಬೀದೀಲಾ? ಬಚ್ಚಲಲ್ಲೇ ಮಾಡಿ. ಕಿಟಕಿ ಹಾಕ್ಕೊಳ್ಳಿ."

ಮರುದಿನ ಬೆಳಗ್ಗೆ ನನ್ನನ್ನು ಹೊರಗೆ ಕರೆದು, ಸ್ಕೂಟರನ್ನು ಶಾಸ್ತ್ರೋಕ್ತವಾಗಿ ವಾಲಿಸಿ, ನೋಡಿಕೋ ಎಂದು ಚೋಕ್ ಎಳೆದು ಒದ್ದರು. ಸ್ಟಾರ್ಟ್ ಆಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಎರಡನೇ ಚರಣ ಬರೆಯಲು ಕೂತೆ.