ತಮ್ಮನ ನಾಮಪತ್ರದ ಮೂರು ಹಾಳೆಗಳು

ಟೊಣ್, ಟೊಣ್. ನೈರೋಬಿಯ ಪಂಗಾನಿಯಲ್ಲಿ ನಮ್ಮ ಗಲ್ಲಿಗೆ ತಮ್ಮನ ಪಿಕಪ್ ತಿರುಗಿತೆಂದರೆ ಮೊದಲು ಕೇಳುತ್ತಿದ್ದದ್ದು ಆ ಸದ್ದು. ಒಳಗಿನ ಕನ್ನಡಿಗೆ ಅವನೊಂದು ದನದ ಗಂಟೆ ಕಟ್ಟಿದ್ದ. ತಗಡಿನದು, ಇಂಪೇನೂ ಇಲ್ಲ. ಈ ಊರಲ್ಲಿ ಹಾರ್ನಿಗೆ ಯಾರೂ ಜಗ್ಗುವುದಿಲ್ಲ, ಗಂಟೆಗೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಅವನ ವಾದ.

ಮಂಗಳೂರಿನಿಂದ ಬಂದ ನಮ್ಮ ಕ್ಯಾಥೊಲಿಕ್ ಕುಟುಂಬಗಳ ಗಂಡಸರು ಬ್ಯಾಂಕು, ಆಸ್ಪತ್ರೆ ಎಂದು ಡೀಸೆಂಟಾಗಿ ನೆಲೆ ನಿಂತರು. ಇವನೊಬ್ಬ ಉತ್ತರದ ಹುಲ್ಲುಗಾವಲಿನಲ್ಲಿ ರ‍್ಯಾಂಚ್ ಮಾಡಿ ದನ ಸಾಕಿದ. ಮದುವೆಯಾಗಲಿಲ್ಲ. ಒಂದು ವರ್ಷ ಮಳೆ ತಪ್ಪಿದಾಗ ಸುತ್ತಲಿನ ರ‍್ಯಾಂಚಿನವರೆಲ್ಲ ನದಿಯ ದಾರಿಗೆ ಬೇಲಿ ಹಾಕಿದರು. ಇವನು ತನ್ನ ಬೇಲಿ ಕತ್ತರಿಸಿ ದನಗಾಹಿಗಳ ಮಂದೆಗಳನ್ನು ನೀರಿಗೆ ಬಿಟ್ಟ. ಪಾರ್ಲಿಮೆಂಟಿಗೆ ನಿಲ್ಲು ಎಂದು ಇವನನ್ನು ಹಿಡಿದದ್ದು ಆ ಜನವೇ. “ನಾನಿರುವವರೆಗೆ ದಾರಿ ತೆರೆದಿರ್ತದೆ ಅಕ್ಕಾ, ನಾನು ಸತ್ತ ಮೇಲೆ? ಅದು ಕಾನೂನಿನಲ್ಲೇ ಬರ್ಬೇಕು” ಎನ್ನುತ್ತಿದ್ದ.

ಯಾವ ಪಕ್ಷವೂ ಟಿಕೆಟ್ ಕೊಡಲಿಲ್ಲ. ಸ್ವತಂತ್ರನಾಗಿ ನಿಲ್ಲಲು ಕ್ಷೇತ್ರದ ಸಾವಿರ ಮತದಾರರ ಸಹಿಯ ಪಟ್ಟಿ ಬೇಕು, ಒಂದೂ ಕಡಿಮೆ ಇರುವಂತಿಲ್ಲ. ಅವನು ಹಟ್ಟಿಯಿಂದ ಹಟ್ಟಿಗೆ ತಿರುಗಿ ಅದನ್ನು ಲೆಕ್ಕಕ್ಕೆ ಸರಿಯಾಗಿ ಕೂಡಿಸಿ ನನ್ನ ಮೇಜಿನ ಮೇಲೆ ತಂದು ಹಾಕಿದ. “ಸ್ವಲ್ಪ ಸರಿಮಾಡಿ ಫೈಲ್ ಮಾಡಿ ಕೊಡು ಮಾರಾಯ್ತಿ. ನಿನ್ನಷ್ಟು ನೀಟ್ ಯಾರುಂಟು?”

ಆ ಹಾಳೆಗಳನ್ನು ನೋಡಿ ನನಗೆ ನಾಚಿಕೆಯಾಯಿತು. ಹಾಲಿನ ಕಲೆ, ಹೊಗೆಯ ವಾಸನೆ, ಓರೆಕೋರೆ ಹೆಬ್ಬೆರಳ ಗುರುತುಗಳು. ಮಂಗಳೂರಿನ ಕಾನ್ವೆಂಟಿನಲ್ಲಿ ಇಂಥ ಕಾಗದ ಕೊಟ್ಟಿದ್ದರೆ ಸಿಸ್ಟರ್ ಸ್ಕೇಲ್ ತಿರುಗಿಸಿ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಮುಂದೆ ಮೂವತ್ತು ವರ್ಷ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ನಾನು. ಎರಡು ದಿನ ಕೂತು ಇಡೀ ಪಟ್ಟಿಯನ್ನು ಫೇರ್ ಕಾಪಿ ಮಾಡಿದೆ. ಗುರುತಿದ್ದಲ್ಲೆಲ್ಲ ನಮ್ಮ ಊರಿನ ಆಫೀಸುಗಳ ಪದ್ಧತಿಯಂತೆ ‘ಎಸ್‌ಡಿ’ ಎಂದು ಹೊಡೆದೆ. ಮೂಲದಲ್ಲಿ ಸಹಿ ಇದೆ ಎಂದು ಅದರ ಅರ್ಥ. ಮೂಲ ನಮ್ಮಲ್ಲೇ ಉಳಿಯಬೇಕೆಂಬುದೂ ಆಫೀಸಿನ ಪಾಠವೇ. ಅದನ್ನು ದಾರದಲ್ಲಿ ಕಟ್ಟಿ ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ಫೇರ್ ಕಾಪಿಯ ಫೈಲಿಗೆ ಟೇಪ್ ಕಟ್ಟಿ ತಮ್ಮನ ಕೈಗಿಟ್ಟೆ.

ನಾಮಪತ್ರದ ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು.

“ಎಂತ ಮಾಡಿದ್ದು ಅಕ್ಕಾ ನೀನು? ಎಲ್ಲ ಹೆಸರಿನ ಎದುರು ಎಸ್‌ಡಿ, ಎಸ್‌ಡಿ! ಈ ಎಸ್‌ಡಿ ಯಾರು, ಇಷ್ಟು ಜನಕ್ಕೆ ಒಬ್ಬನೇ ಸಹಿ ಹಾಕಿದ್ದಾನಾ ಅಂತ ಆಫೀಸರ್ ಕೇಳ್ತಾನೆ. ಹೆಬ್ಬೆರಳು ಎಲ್ಲಿ?”

“ಇಲ್ಲೇ ಉಂಟು. ಭದ್ರವಾಗಿ ಉಂಟು.”

“ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರೆ. ಟ್ಯಾಕ್ಸಿ ಮಾಡು, ಹೊರಡು.”

ಅಡುಗೆಮನೆಗೆ ಓಡಿದೆ. ಕಟ್ಟಿನ ದಾರ ಬಿಚ್ಚಿತ್ತು. ಕೆಲಸದವಳು ಇದ್ದಿಲೊಲೆಯ ಮುಂದೆ ಕೂತಿದ್ದಳು. “ನಿನ್ನೆ ಮೂರು ತಗೊಂಡೆ ಅಮ್ಮಾ, ಜಿಕೊ ಹಚ್ಚೋಕೆ. ಹಾಲು ಬಿದ್ದ ಹಳೇ ಕಾಗದ ಅಲ್ವಾ?” ಅವಳನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು? ಒಲೆ ಹಚ್ಚುವ ಹಳೆಯ ಪೇಪರುಗಳೂ ಅದೇ ಶೆಲ್ಫಿನಲ್ಲಿದ್ದವು. ಹಾಳೆಗೆ ಇಪ್ಪತ್ತರಂತೆ ಅರವತ್ತು ಹೆಬ್ಬೆರಳು ಬೂದಿಯಾಗಿದ್ದವು.

ಊರು ದಾಟುವ ಮೊದಲೇ ಟ್ಯಾಕ್ಸಿ ಮಟಾಟು ವ್ಯಾನುಗಳ ನಡುವೆ ಸಿಕ್ಕಿಕೊಂಡಿತು. ಮತ್ತೆ ಫೋನ್.

“ಎಲ್ಲಾ ಉಂಟಲ್ಲ ಅಕ್ಕಾ?”

“ಉಂಟು, ಉಂಟು.”

ಆ ಸುಳ್ಳು ಹೇಗೆ ಬಾಯಿಗೆ ಬಂತೋ. ಎದುರಿಗೆ ಸಿಕ್ಕಾಗ ಹೇಳೋಣ, ಫೋನಿನಲ್ಲಿ ಬೇಡ ಎಂದುಕೊಂಡೆ. ಮಧ್ಯಾಹ್ನ ಇನ್ನೊಮ್ಮೆ ಮಾಡಿದ. ದನಿಯಲ್ಲಿ ನಗು. “ಹೊರಗೆ ನೂರಾರು ಜನ ಹಾಡ್ತಾ ಕೂತಿದ್ದಾರೆ. ನಿನ್ನನ್ನು ನೋಡ್ಬೇಕಂತೆ.” ನೂರಾರು ಜನ, ಅವರಿಗೆಲ್ಲ ಹೆಬ್ಬೆರಳು. ಆಗಲೂ ನಾನು ಹೇಳಲಿಲ್ಲ. ಮಡಿಲಲ್ಲಿ ಹಾಳೆಗಳಿಟ್ಟುಕೊಂಡು ಜಪಮಾಲೆ ಎಣಿಸಿದೆ, ಕಣ್ಣು ಮಾತ್ರ ಡ್ರೈವರನ ಗಡಿಯಾರದ ಮೇಲೆ.

ತಮ್ಮನ ಕ್ಷೇತ್ರದ ಶಾಲೆಯೊಂದರ ಹಾಲ್‌ನಲ್ಲಿ ಚುನಾವಣೆಯ ಆಫೀಸರ್ ಕೂತಿದ್ದ. ನಾನು ತಲುಪಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ. ತಮ್ಮ ವರಾಂಡದಲ್ಲೇ ಹಾಳೆ ತಿರುವಿದ.

“ಮೂರು ಕಡಿಮೆ ಉಂಟಲ್ಲ?”

“ಒಲೆಗೆ ಹೋಯಿತು.”

“ನಿನಗೆ ಯಾವಾಗ ಗೊತ್ತಾಯ್ತು?”

“ಬೆಳಿಗ್ಗೆ.”

ಅವನು ನನ್ನ ಮುಖ ನೋಡಿದ, ಜನರನ್ನು ನೋಡಿದ. ಮರುಕ್ಷಣ ಇಂಕ್ ಪ್ಯಾಡ್ ಹಿಡಿದು ಅಂಗಳಕ್ಕೆ ಓಡಿದ. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಬೇಕು, ಗುರುತಿನ ಕಾರ್ಡು ನೋಡಬೇಕು, ಹೆಸರು ಬರೆಯಬೇಕು, ಆಮೇಲೆ ಹೆಬ್ಬೆರಳು. ನಾನು ಬರೆದೆ, ಕಾನ್ವೆಂಟಿನಲ್ಲಿ ತಿದ್ದಿದ ನನ್ನ ಚಂದದ ಅಕ್ಷರ ಕೋಳಿ ಕೆದರಿದಂತೆ ಬಂತು. ನಲವತ್ತೊಂದನೆಯ ಬೆರಳು ಕಾಗದಕ್ಕೆ ತಾಗುವಾಗ ಹಾಲ್‌ನ ಬಾಗಿಲು ಮುಚ್ಚಿತು. ತಮ್ಮ ಬಡಿದ. ಕಾವಲಿನವನು ಕಿಟಕಿಯಿಂದ ಗಡಿಯಾರ ತೋರಿಸಿದ.

ತಮ್ಮ ಪಿಕಪ್ಪಿನ ಹಿಂಬದಿ ಹತ್ತಿ ಅವರ ಭಾಷೆಯಲ್ಲಿ ಏನೋ ಹೇಳಿದ. ಹಾಡು ನಿಂತಿತು. ಎಲ್ಲರೂ ನನ್ನತ್ತ ತಿರುಗಿದರು. ನಾನು ವರಾಂಡದ ಮೆಟ್ಟಿಲ ಮೇಲೆ ಕೂತೆ. ಹೆಬ್ಬೆರಳು ಇನ್ನೂ ನೀಲಿಯಾಗಿದ್ದ ಮುದುಕಿಯೊಬ್ಬಳು ಬಂದು ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು.

ಅವನು ನನ್ನನ್ನು ಟ್ಯಾಕ್ಸಿಗೆ ಹತ್ತಿಸುವಾಗ ಕೇಳಿದೆ. “ಅವರಿಗೆ ಎಂತ ಹೇಳಿದೆ?”

“ಮೂರು ಹಾಳೆ ನನ್ನ ಕೈಯಿಂದ ಕಳೆದುಹೋಯ್ತು, ಅಕ್ಕ ಪಾಪ ನೈರೋಬಿಯಿಂದ ಉಳಿದದ್ದನ್ನು ತಂದಳು ಅಂತ.” ಬಾಗಿಲು ಹಾಕಿ, ಕಿಟಕಿಗೆ ಬಗ್ಗಿದ. “ಹತ್ತು ಗಂಟೆಗೇ ಹೇಳಬಹುದಿತ್ತು ನೀನು.”

ಅಷ್ಟೇ ಅಂದದ್ದು. ಆ ಕ್ರಿಸ್ಮಸ್ಸಿಗೆ ಅವನು ಪಂಗಾನಿಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಈಸ್ಟರಿನೊಳಗೆ ಅವನ ಹೃದಯ ನಿಂತಿತು. ನನ್ನ ಮಂಡಿಯ ಆಪರೇಷನ್ ಆಗಿತ್ತು, ಮಣ್ಣಿಗೂ ಹೋಗಲಾಗಲಿಲ್ಲ. ರ‍್ಯಾಂಚ್ ಕೊಂಡವರು ಮೊದಲು ಮಾಡಿದ ಕೆಲಸ, ಅವನು ಕತ್ತರಿಸಿದ್ದ ಬೇಲಿಯನ್ನು ಹೊಲಿದದ್ದು.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಆ ಶಾಲೆಯ ಗೇಟಿನಲ್ಲಿ. ನನ್ನ ಟ್ಯಾಕ್ಸಿ ನೈರೋಬಿಯತ್ತ ತಿರುಗಿತು, ಅವನ ಪಿಕಪ್ ಎದುರು ದಿಕ್ಕಿಗೆ. ಹಿಂದೆ ತುಂಬ ಜನ ಹತ್ತಿದ್ದರು. ಕಿಟಕಿಯಿಂದ ಅವನ ಕೈ ಹೊರಗಿತ್ತು, ಹೆಬ್ಬೆರಳಿಗೆಲ್ಲ ಇಂಕು. ಬೀಸುತ್ತಾನೇನೋ ಎಂದು ಕಾದೆ. ತಿರುವಿನವರೆಗೂ ಗಂಟೆ ಕೇಳಿತು.