ಉಳಿಸಿದ ಒಂದು ದಿನದ ರೂಮು ಬಾಡಿಗೆ

ಬೆಳಿಗ್ಗೆ ನಾನೂ ನಮ್ಮತ್ತೆಯೂ ವಿಜಯನಗರದ ಮನೆಯ ಗೇಟಿನ ಬಳಿ ಸೊಪ್ಪು ಕೊಳ್ಳುತ್ತಿದ್ದೆವು. ಪಕ್ಕದ ಮನೆಯ ಮಂಜುಳಾ ಮುರುಡೇಶ್ವರದ ಬಸ್ಸಿಳಿದು ಬಂದಳು. ಕಡಕೊಳದ ಕಾರ್ಖಾನೆಯ ಸಂಬಳದಲ್ಲಿ ಸೀರೆ, ಒಡವೆ ಎಲ್ಲ ಬಿಟ್ಟು, ವರ್ಷಕ್ಕೊಮ್ಮೆ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬರುವ ಹುಡುಗಿ.

“ಬಂದ್ಲು ನೋಡು ನಮ್ಮ ಮೀನಮ್ಮ,” ಎಂದರು ಅತ್ತೆ.

“ಡೈವ್ ಮಾಡಿದ್ಮೇಲೆ ಒಂದಿನ ಇಲ್ಲೇ ಇರಿ, ಘಾಟಿ ಹತ್ತಬೇಡಿ ಅಂದ್ರು ಕಣಕ್ಕ, ಅಲ್ಲಿ ಡೈವ್ ಮಾಡ್ಸೋರು. ರೂಮು ಬಾಡಿಗೆ ಯಾಕೆ ದಂಡ ಅಂತ ಸಂಜೆ ಬಸ್ಸಿಗೇ ಬಂದ್ಬುಟ್ಟೆ. ಆ ದುಡ್ಡಿಗೆ ಮುಂದಿನ್ ವರ್ಷ ಇನ್ನೊಂದ್ಸಲ ಮುಳುಗ್ತೀನಿ,” ಎಂದು ನಕ್ಕಳು ಮಂಜುಳಾ.

ಅತ್ತೆ ಅವಳ ಕಾಲನ್ನೇ ನೋಡುತ್ತಿದ್ದರು. “ಬಲಗಾಲಿನ ಚಪ್ಪಲಿ ಎಲ್ಲಿ ಕಣಮ್ಮ?”

ಅವಳು ಬಗ್ಗಿ ನೋಡಿದಳು. ಬರಿಗಾಲು. ಹೆಬ್ಬೆರಳು ಒಡೆದು ರಕ್ತ ಒಸರುತ್ತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಪಾದ ಮುಟ್ಟಿದೆ, ಅದೂ ತಿಳಿಯಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಆಳದಲ್ಲಿ ಉಸಿರಾಡಿದ ಗಾಳಿ ಮೈಯಿಂದ ಪೂರಾ ಹೋಗುವ ಮೊದಲೇ ಘಾಟಿ ಹತ್ತಿದ್ದರಿಂದ, ಎತ್ತರದ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಗಳಾಗಿ, ನರಕ್ಕೆ ಪೆಟ್ಟಾಗಿದೆ, ಇನ್ನು ಡೈವಿಂಗ್ ಬೇಡ ಎಂದರು ಡಾಕ್ಟರು.

ಮಂಜುಳಾ ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಂಡು ತಂದಳು. ಬಲಗಾಲಿನದು ಕಳಚಿದರೆ ಇಂದಿಗೂ ಅವಳಿಗೆ ತಿಳಿಯುವುದಿಲ್ಲ.